ಮನೆ ಬಟ್ಟೆಗೆ ಗುರುತಿಲ್ಲ

ಜನವರಿ ೭

ಕಂಪನಿಗಳು ಬರುವ ಕಾಲ ಶುರುವಾಗಿದೆ. ಬೆಳಿಗ್ಗೆಯೆಲ್ಲ ಕೈಕುಲುಕುವ ಅಭ್ಯಾಸ ಮಾಡಿಸಿದೆ. ಕೊನೆಯ ವರ್ಷದವರು ಸಾಲಾಗಿ ಬಂದು, ಹೆಸರು ಹೇಳಿ, ಕೈ ಚಾಚಿ, ಹಲ್ಲು ಕಾಣುವಷ್ಟು ನಕ್ಕು ಹೋಗಬೇಕು. ಬೆವರಿದ ಕೈ, ತಣ್ಣನೆಯ ಕೈ, ಬಿಸ್ಕತ್ತಿನ ಪುಡಿ ಅಂಟಿದ ಕೈ. ಒಬ್ಬ ನನ್ನ ಬೆರಳುಗಳನ್ನು ಹಾಲು ಕರೆಯುವವನ ಹಾಗೆ ಹಿಡಿದ. ಆಮೇಲೆ ಸೋಪು ಹಾಕಿ ತೊಳೆದರೂ ಯಾರದೋ ಅತ್ತರಿನ ವಾಸನೆ ಹೋಗಲಿಲ್ಲ. ಊಟದ ಜೊತೆ ಅದನ್ನೂ ತಿಂದೆ.

ಬಿಸಿನೆಸ್ ಸ್ಕೂಲಿನ ಪ್ಲೇಸ್‌ಮೆಂಟ್ ಆಫೀಸಿನಲ್ಲಿ ನನಗೆ ಕೆಲಸ ಎಂದರೆ ಹೊರಗಿನವರು ನಾನು ನೌಕರಿ ಕೊಡಿಸುತ್ತೇನೆ ಅಂದುಕೊಳ್ಳುತ್ತಾರೆ. ನಾನು ಕೊಡಿಸುವುದು ಉತ್ತರ. ಪ್ರಶ್ನೆಗಳು ವರ್ಷ ವರ್ಷ ಅವೇ ಇರುವುದರಿಂದ ಉತ್ತರಗಳೂ ಹಳಸುತ್ತ, ಮತ್ತೆ ಬಿಸಿಯಾಗುತ್ತ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತಿರುತ್ತವೆ.

ನಿರ್ದೇಶಕರು ಆಫೀಸಿನ ಬಾಗಿಲ ಪಕ್ಕ ಹಿತ್ತಾಳೆಯ ಗಂಟೆಯೊಂದನ್ನು ತೂಗುಹಾಕಿಸಿದ್ದಾರೆ. ಯಾರಿಗೆ ಕೆಲಸ ಸಿಕ್ಕಿದರೂ ಅದನ್ನು ಬಾರಿಸಬೇಕು, ಇದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಬೇಕು. "ಈ ವರ್ಷ ನೂರಕ್ಕೆ ನೂರು" ಎಂದರು. ಹೋದ ವರ್ಷವೂ ಹಾಗೇ ಅಂದಿದ್ದರು.

ಜನವರಿ ೧೫

ಅಕ್ಕನ ಮಗಳು ಕೋಟುಗಳನ್ನು ತಂದಳು. ಸ್ವಂತ ಕೋಟಿಲ್ಲದ ವಿದ್ಯಾರ್ಥಿಗಳಿಗಾಗಿ ನಮ್ಮ ಬೀರುವಿನಲ್ಲಿ ಒಂದಷ್ಟು ಕಪ್ಪು ಕೋಟುಗಳಿವೆ. ಸಂದರ್ಶನಕ್ಕೆ ಮುಂಚೆ ಹಾಕಿಕೊಂಡು, ಮುಗಿದ ಮೇಲೆ ಕಳಚಿ ಕೊಟ್ಟು ಹೋಗುತ್ತಾರೆ. ಕಾಲರಿನಲ್ಲಿ ಹತ್ತಾರು ಕತ್ತುಗಳ ಜಿಡ್ಡು, ಕಂಕುಳಲ್ಲಿ ಹತ್ತಾರು ಭಯಗಳ ಕಲೆ. ಅವು ಹೋಗುವುದು ನಮ್ಮ ಭಾವನ ಲಾಂಡ್ರಿಗೆ. ಅಕ್ಕನ ಮಗಳು ಇಲ್ಲೇ ಓದುತ್ತಿರುವುದರಿಂದ ತರಗತಿಗೆ ಬರುವಾಗ ಹೊತ್ತು ತರುತ್ತಾಳೆ. ಪ್ರತಿ ಕೋಟಿನ ಕಾಲರಿನ ಒಳಮಡಿಕೆಯಲ್ಲಿ ಒಗೆದರೂ ಹೋಗದ ಮಸಿಯಿಂದ ನಂಬರು ಬರೆದಿರುತ್ತದೆ. ಬರೆಯುವವಳು ಅವಳೇ. ಇಂಗ್ಲಿಷ್ ಅಂಕಿ ಏಳರ ನಡುವೆ ಒಂದು ಅಡ್ಡಗೆರೆ ಎಳೆಯುತ್ತಾಳೆ.

ನನ್ನ ಅಂಗಿಗಳೂ ಆ ಅಂಗಡಿಗೇ ಹೋಗುತ್ತವೆ. ಅವುಗಳ ಮೇಲೆ ನಂಬರಿಲ್ಲ. ಮನೆಯವರ ಬಟ್ಟೆಗೆ ಗುರುತು ಹಾಕುವುದಿಲ್ಲ ಎಂಬುದು ಭಾವನ ಅಪ್ಪನ ಕಾಲದಿಂದ ಬಂದ ರೂಢಿ. ಯಾರದು ಅಂತ ಗೊತ್ತಿರುವುದಕ್ಕೆ ಯಾಕೆ ಮಸಿ ಬಳಿಯಬೇಕು ಅನ್ನುತ್ತಾರೆ.

"ಸರ್, ಎಲ್ಲ ಸರಿ ಇದೆಯಾ ಎಣಿಸ್ಕೊಳ್ಳಿ" ಎಂದಳು. ಇಲ್ಲಿ ನಾನು ಸರ್. ಯಾರೂ ಇಲ್ಲದ್ದನ್ನು ನೋಡಿ, ಮೆಲ್ಲಗೆ, "ಮಾವ, ಅಮ್ಮ ಕೇಳ್ತಿದ್ಳು, ಭಾನುವಾರ ಬರ್ತೀರಾ ಅಂತ."

ಹೋಗುವುದಿಲ್ಲ. ಭಾನುವಾರ ಮಾತಾಡುವ ಬಾಯಿ ನನಗೆ ಉಳಿದಿರುವುದಿಲ್ಲ.

ಜನವರಿ ೨೨

ಇವತ್ತು ಅಕ್ಕನ ಮಗಳ ಸರದಿ. ಅಣಕು ಸಂದರ್ಶನ. ಮೇಜಿನ ಆಚೆ ನಾನು, ಈಚೆ ಅವಳು, ಮಧ್ಯೆ ಪ್ಲಾಸ್ಟಿಕ್ ಹೂವಿನ ಕುಂಡ. ಸಾಮರ್ಥ್ಯ, ದೌರ್ಬಲ್ಯ, ಐದು ವರ್ಷದ ಮೇಲೆ ಎಲ್ಲಿರುತ್ತೀಯ, ಎಲ್ಲಕ್ಕೂ ಚುಟುಕಾಗಿ ಉತ್ತರಿಸಿದಳು. ಸೋಲಿನ ಪ್ರಶ್ನೆಗೆ ಬಂದೆ.

"ನೀನು ಸೋತ ಒಂದು ಸಂದರ್ಭ ಹೇಳು."

"ನಿಜವಾದ್ದಾ?"

"ನಿಜ ಅನ್ನಿಸೋ ಹಾಗಿದ್ರೆ ಸಾಕು."

ಅವಳು ನಿಜವಾದ್ದನ್ನೇ ಹೇಳಿದಳು. ಭಾವ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಗ ಅಂಗಡಿ ಇವಳ ಕೈಯಲ್ಲಿತ್ತು. ಅತಿಥಿಗೃಹವೊಂದರ ಬಿಳಿ ಬೆಡ್‌ಶೀಟುಗಳ ದೊಡ್ಡ ಗಂಟು ಬಂದಿತ್ತು. ಆತುರದಲ್ಲಿ ಯಾರದೋ ಹೊಸ ಕೆಂಪು ಪರದೆಯನ್ನು ಅದೇ ಮಷೀನಿಗೆ ತುರುಕಿದಳು. ಎಲ್ಲ ಗುಲಾಬಿ ಬಣ್ಣವಾಗಿ ಹೊರಗೆ ಬಂತು. ಆಸ್ಪತ್ರೆಯ ಹಾಸಿಗೆಯಿಂದ ಭಾವ ಕೇಳಿದರು, ಮಷೀನಿಗೆ ಬಟ್ಟೆ ಹಾಕಿದವರು ಯಾರು ಎಂದು. ಇವಳು ಸುಮ್ಮನಿದ್ದಳು. ಅವರು ಇಸ್ತ್ರಿಯವನೇ ಎಂದುಕೊಂಡರು. ಇವಳು ಹುಟ್ಟುವ ಮೊದಲಿನಿಂದ ಆ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವನನ್ನು ನಾಳೆಯಿಂದ ಬರಬೇಡ ಎಂದು ಹೇಳಿಸಿದರು.

"ಇಸ್ತ್ರಿಯಣ್ಣ ಪ್ಲಗ್ ಕಿತ್ತು, ವೈರು ನೀಟಾಗಿ ಸುತ್ತಿಟ್ಟು ಹೋದ್ರು. ಈಗ ನಮ್ಮ ರಸ್ತೆ ತುದಿಯಲ್ಲಿ ಗಾಡಿ ಇಟ್ಕೊಂಡಿದ್ದಾರೆ. ದಿನಾ ಸಿಕ್ತಾರೆ. ಚೆನ್ನಾಗಿದೀಯಾಮ್ಮ ಅಂತಾರೆ. ನಾನು ಹೂಂ ಅಂತೀನಿ."

"ಆಮೇಲೆ?"

"ಆಮೇಲೆ ಏನೂ ಇಲ್ಲ."

"ಪಾಠ? ಏನು ಕಲಿತೆ?"

"ಪಾಠ ಏನಿದೆ ಮಾವ ಅದರಲ್ಲಿ. ಅವರು ಹೋದ್ರು, ಅಷ್ಟೇ."

ಸರ್ ಎನ್ನಲು ಮರೆತಿದ್ದಳು. ಅವಳ ಮುಖ ನೋಡಲು ನನಗೆ ಹಿಂಸೆಯಾಯಿತು. ಅವಳು ಹಾಕಿಕೊಂಡಿದ್ದ ಬಟ್ಟೆಯಲ್ಲಿ ಹಬೆಯ ವಾಸನೆ ಇತ್ತು. ಇದು ನಡೆಯುವುದಿಲ್ಲ ಎಂದೆ. ಸೋಲು ಎಂದರೆ ಸಣ್ಣದಾಗಿರಬೇಕು, ಬೇಗ ಮುಗಿಯಬೇಕು, ಕೊನೆಗೆ ನೀನೇ ದೊಡ್ಡವಳಾಗಿ ಕಾಣಬೇಕು. ನಮ್ಮಲ್ಲಿ ಸಿದ್ಧ ಇರುವುದನ್ನು ಕೊಟ್ಟೆ: ಕಾಲೇಜಿನ ಸಮಾರಂಭ, ತಂಡದಲ್ಲಿ ಜಗಳ, ನಾನು ಎಲ್ಲರ ಮಾತು ಕೇಳದೆ ನಿರ್ಧಾರ ತಗೊಂಡೆ, ಈಗ ಮೊದಲು ಕೇಳಿಸಿಕೊಳ್ಳುತ್ತೇನೆ. ಅವಳು ಬಾಯಿಪಾಠ ಒಪ್ಪಿಸಿದಳು. ಅಂಚಿಗೆ ಸಿಕ್ಕಿಸಿದ ಪಿನ್ನಿನ ಹಾಗೆ ಪ್ರತಿ ವಾಕ್ಯವೂ ಚುಚ್ಚುತ್ತಿತ್ತು. ಪರವಾಗಿಲ್ಲ, ಅಭ್ಯಾಸವಾಗುತ್ತದೆ.

ಜನವರಿ ೩೦

ವಿದ್ಯಾರ್ಥಿಗಳು ಹಸನ್ಮುಖಿ ಎಂದು ಕರೆಯುವ ಹುಡುಗ ಬಂದಿದ್ದ. ನೀರನ್ನು ಯಾವ ಪಾತ್ರೆಗೆ ಹಾಕಿದರೆ ಆ ಆಕಾರ ಎನ್ನುತ್ತಾರಲ್ಲ, ಇವನು ಪಾತ್ರೆ ತರುವ ಮೊದಲೇ ಆಕಾರ ಪಡೆದಿರುತ್ತಾನೆ.

"ಸರ್, ನಂಗೆ ಸೋಲು ಅಂತ ಒಂದೂ ಇಲ್ಲ. ಯೋಚನೆ ಮಾಡಿ ಮಾಡಿ ಸಾಕಾಯ್ತು. ಏನಾದ್ರೂ ಕೊಡಿ ಸರ್."

"ಅಂಗಡಿಯಲ್ಲಿ ಕೇಳೋ ಹಾಗೆ ಕೇಳ್ತೀಯಲ್ಲಪ್ಪ."

"ನಿಮ್ಮ ಹತ್ರ ಸ್ಟಾಕ್ ಇದೆ ಅಂತ ಸೀನಿಯರ್ಸ್ ಹೇಳಿದ್ರು ಸರ್."

ತುಟಿಯ ಮೂಲೆಯಲ್ಲಿ ಉಗುಳಿನ ಸಣ್ಣ ಗುಳ್ಳೆಯೊಂದು ಮಾತಿಗೊಮ್ಮೆ ಉಬ್ಬಿ ಇಳಿಯುತ್ತಿತ್ತು. ಇವನನ್ನು ಬೇಗ ಸಾಗಹಾಕಬೇಕು ಎನ್ನಿಸಿತು. ತಂಡದ ಜಗಳದ ಕಥೆಯನ್ನು ಆಗಲೇ ಮೂವರಿಗೆ ಕೊಟ್ಟಾಗಿದೆ. ಬಾಯಿಗೆ ಬಂದದ್ದು ಲಾಂಡ್ರಿ. ಚಿಕ್ಕಪ್ಪನ ಲಾಂಡ್ರಿ ಎಂದಿಟ್ಟುಕೋ ಎಂದೆ. ಬಿಳಿ ಬೆಡ್‌ಶೀಟು, ಕೆಂಪು ಪರದೆ, ಇಸ್ತ್ರಿಯವನು. ಕೊನೆಯನ್ನು ಅವನೇ ಹೊಲಿದುಕೊಂಡ: ಮಾರನೇ ದಿನವೇ ಅವರ ಮನೆಗೆ ಹೋದೆ, ಕೈ ಹಿಡಿದು ಕ್ಷಮೆ ಕೇಳಿದೆ, ವಾಪಸ್ ಕರೆದುಕೊಂಡು ಬಂದೆ. ಎರಡನೇ ಸಲ ಹೇಳುವಾಗ ಅವನ ಕಣ್ಣು ತೇವವಾಯಿತು. ಅಸಹ್ಯ.

ಅಕ್ಕನ ಮಗಳಿಗೆ ಅದರಿಂದ ಉಪಯೋಗವಿರಲಿಲ್ಲ. ಬೀರುವಿನಲ್ಲಿ ಸುಮ್ಮನೆ ನೇತಾಡುವ ಕೋಟನ್ನು ಯಾರಾದರೂ ಹಾಕಿಕೊಳ್ಳಲಿ.

ಫೆಬ್ರವರಿ ೧೦

ಅಕ್ಕ ಫೋನ್ ಮಾಡಿದ್ದಳು. ಹಿಂದೆ ಮಷೀನಿನ ಗಡಗಡ.

"ಸೋಪಿನ ಕಂಪನಿ ಬರುತ್ತಂತಲ್ಲೋ. ಇವಳು ಅದೊಂದೇ ಜಪ ಹಿಡಿದಿದ್ದಾಳೆ. ಬೇರೆ ಯಾವುದಕ್ಕೂ ಅರ್ಜಿನೇ ಹಾಕಿಲ್ಲವಂತೆ."

"ಗೊತ್ತು. ನಾನೂ ಬೈದೆ."

"ಅವಳಿಗೆ ಕೈಯಲ್ಲಿ ಮುಟ್ಟಿದ್ರೆ ಯಾವ ಸೋಪು ಬಟ್ಟೆ ತಿನ್ನುತ್ತೆ, ಯಾವುದು ಬಿಡುತ್ತೆ ಅಂತ ಗೊತ್ತಾಗುತ್ತೆ ಕಣೋ. ಆ ಕಂಪನಿಯವರಿಗೆ ಇನ್ನೇನು ಬೇಕು?"

ಇನ್ನೇನು ಬೇಕು ಎಂದು ಅಕ್ಕನಿಗೆ ಹೇಗೆ ಹೇಳುವುದು. ಕೈಯಲ್ಲಿ ಮುಟ್ಟುವವರನ್ನು ಅವರು ಹುಡುಕುತ್ತಿಲ್ಲ.

"ನಿನ್ನ ಭಾವನ ಎದೆಯ ಗೊರಗೊರ ಕೇಳೋಕಾಗಲ್ಲ. ಹಬೆಯಲ್ಲಿ ಬೆಂದದ್ದು ನಾವಿಬ್ಬರೇ ಸಾಕು. ಇವಳೊಬ್ಬಳು ಹೊರಗೆ ಹೋಗ್ಲಿ. ನೀನು ಅಲ್ಲೇ ಇದ್ದೀಯ. ನಿನ್ನನ್ನ ನಂಬ್ಕೊಂಡೇ ಆ ಕಾಲೇಜಿಗೆ ಸೇರಿಸಿದ್ದು."

ನೋಡ್ತೀನಿ ಎಂದೆ. ನೋಡುವುದಕ್ಕೆ ಏನೂ ಖರ್ಚಿಲ್ಲ.

ಫೆಬ್ರವರಿ ೧೮

ಸೋಪಿನ ಕಂಪನಿಯವರು ಬಂದುಹೋದರು.

ನಿರ್ದೇಶಕರು ಮೆಟ್ಟಿಲ ಬುಡದವರೆಗೆ ಇಳಿದು ಸ್ವಾಗತಿಸಿದರು. ಮೂವರು ಪರೀಕ್ಷಕರಲ್ಲಿ ಹಿರಿಯಳು ಒಬ್ಬ ಮ್ಯಾನೇಜರಮ್ಮ, ನುಣ್ಣಗಿನ ಮಾತು, ಚಹಾಕ್ಕೆ ಸಕ್ಕರೆ ಬೇಡ. ಅಕ್ಕನ ಮಗಳು ತನ್ನ ಅಂಗಡಿಯಲ್ಲೇ ಒಗೆದ, ನಮ್ಮ ನಂಬರಿರುವ ಕೋಟು ಹಾಕಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಅವಳಿಗಿಂತ ಮೊದಲಿನ ಸರದಿ ಹಸನ್ಮುಖಿಯದು. ಅವನು ಒಳಗೆ ಹೋದ, ಬಹಳ ಹೊತ್ತಿನ ಮೇಲೆ ಹೊರಗೆ ಬಂದ, ನನಗೆ ಹೆಬ್ಬೆರಳು ತೋರಿಸಿದ. ಇವಳು ಒಳಗೆ ಹೋದಳು, ಬೇಗ ಬಂದಳು. ನನ್ನ ಮುಂದೆಯೇ ಹಾದು ಹೋದರೂ ನಿಲ್ಲಲಿಲ್ಲ. ಕೋಟನ್ನು ಕಳಚಿ, ಮಡಚಿ, ಬೀರುವಿನ ಮುಂದಿನ ಕುರ್ಚಿಯ ಮೇಲಿಟ್ಟು ಹೋದಳು.

ಚಹಾ ಹೊತ್ತಿನಲ್ಲಿ ಮ್ಯಾನೇಜರಮ್ಮ ನಗುತ್ತ ಹೇಳಿದಳು. "ನಿಮ್ಮ ಹುಡುಗಿಯೊಬ್ಬಳು ವಿಚಿತ್ರ ಕಣ್ರೀ. ತಂದೆಯದು ಲಾಂಡ್ರಿ ಅಂತ ಬಯೋಡೇಟಾದಲ್ಲಿತ್ತು. ಅವಳಿಗಿಂತ ಮುಂಚೆ ಬಂದ ಹುಡುಗನೂ ಲಾಂಡ್ರಿ ಕಥೆನೇ ಹೇಳಿದ್ದ. ಬೆಡ್‌ಶೀಟೆಲ್ಲ ಗುಲಾಬಿ ಆಗಿದ್ದು, ಪಾಪ ಇಸ್ತ್ರಿಯವನ ತಲೆಗೆ ಬಂದಿದ್ದು. ಅದನ್ನ ಹೇಳಿ, ಅವನು ನಿಮ್ಮ ಸಂಬಂಧಿಕನಾ ಅಂತ ಸುಮ್ನೆ ಕೇಳ್ದೆ."

"ಏನಂದಳು?"

"ಕೋಟಿನ ಕಾಲರು ಸರಿಮಾಡ್ಕೊಂಡಳು. ಆಮೇಲೆ ನನ್ನನ್ನೇ ಕೇಳ್ತಾಳೆ, ಅವನು ಇಸ್ತ್ರಿಯವರನ್ನ ವಾಪಸ್ ಕರ್ಕೊಂಡು ಬಂದನಂತಾ ಅಂತ. ಹೌದಮ್ಮ, ಮಾರನೇ ದಿನವೇ ಹೋಗಿ ಕರ್ಕೊಂಡು ಬಂದನಂತೆ ಅಂದೆ. ಒಳ್ಳೇದಾಯ್ತು ಅಂದಳು. ಅಷ್ಟೇ. ಅವಳ ಸೋಲಿನ ಬಗ್ಗೆ ಕೇಳಿದ್ರೆ ಏನೋ ಸಮಾರಂಭ, ತಂಡ ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಸಾರಿ, ಇದು ನನ್ನದಲ್ಲ ಅಂದಳು. ಎದ್ದು ಹೋದಳು."

"ಹೆದರಿಕೊಂಡಿರಬೇಕು" ಎಂದೆ.

"ಇರಬಹುದು. ತರಬೇತಿ ಇನ್ನೊಂಚೂರು ಬೇಕು." ಚಹಾ ಕೆಳಗಿಟ್ಟಳು. "ಆ ಹುಡುಗ ಮಾತ್ರ ಚಿನ್ನ."

ಸಂಜೆ ಗಂಟೆ ಬಾರಿಸಿದೆವು. ಹಗ್ಗ ನನ್ನ ಕೈಯಲ್ಲಿತ್ತು, ಸರದಿ ಪ್ರಕಾರ. ಹಸನ್ಮುಖಿ ನನ್ನ ಕಾಲು ಮುಟ್ಟಲು ಬಗ್ಗಿದ. ಕಾಲು ಹಿಂದೆ ಎಳೆದುಕೊಂಡೆ.

ಫೆಬ್ರವರಿ ೧೯

ರಜೆ ಹಾಕಿದೆ. ನಿನ್ನೆ ಚಹಾದ ಜೊತೆ ತಿಂದ ಬಿಸ್ಕತ್ತುಗಳು ಹಳೆಯವು.

ಮಾರ್ಚ್ ೪

ಅವಳು ತರಗತಿಗೆ ಬರುತ್ತಾಳೆ, ಹೋಗುತ್ತಾಳೆ. ಪ್ಲೇಸ್‌ಮೆಂಟ್ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ಕೋಟುಗಳನ್ನು ಈಗ ಲಾಂಡ್ರಿಯ ಸೈಕಲ್ಲಿನವನು ತಂದು ಕೊಡುತ್ತಾನೆ.

ಕರೆದು ಮಾತಾಡಬೇಕು ಎಂದುಕೊಂಡೆ. ಏನು ಎಂದು ಶುರುಮಾಡುವುದು? ಉಳಿದವರಿಗೆಲ್ಲ ಮೊದಲ ವಾಕ್ಯ ನಾನೇ ಬರೆದು ಕೊಡುತ್ತೇನೆ. ಅವಳು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ಕೇಳದವರಿಗೆ ಉತ್ತರ ಕೊಡುವುದು ನನ್ನ ಕೆಲಸವಲ್ಲ.

ಮಾರ್ಚ್ ೨೬

ಲೆಕ್ಕ ಒಪ್ಪಿಸುವ ದಿನ ಹತ್ತಿರ ಬಂದಿದೆ. ಆ ದಿನಕ್ಕೆ ಎಷ್ಟು ಜನ ಕೆಲಸದಲ್ಲಿದ್ದಾರೆ ಎಂಬುದನ್ನು ಮುಂದಿನ ವರ್ಷದ ಜಾಹೀರಾತಿನಲ್ಲಿ ಹಾಕುತ್ತಾರೆ. ಎಲ್ಲಿಯೂ ಸಿಗದೆ ಉಳಿದವರನ್ನು ಸಂಸ್ಥೆಯೇ ಬೇಸಿಗೆ ಮುಗಿಯುವವರೆಗೆ ತರಬೇತಿ ಸಹಾಯಕರು ಎಂದು ನೇಮಿಸಿಕೊಳ್ಳುತ್ತದೆ. ಅವರು ಗ್ರಂಥಾಲಯದಲ್ಲಿ ಪುಸ್ತಕಗಳ ಧೂಳು ಹೊಡೆಯುತ್ತಾರೆ. ಲೆಕ್ಕ ಮುಗಿದ ಮೇಲೆ ಅವರನ್ನು ಕೊಡವಿ ಬಿಡುತ್ತಾರೆ.

ನಿರ್ದೇಶಕರು ಅವಳನ್ನೂ ಕರೆಸಿದ್ದರು. ನನ್ನ ಪಕ್ಕದ ಮೇಜು ಖಾಲಿ ಇದೆ, ಅಲ್ಲೇ ಕೂರಲಿ ಎಂದರು. ಅವಳು ನನ್ನ ಕಡೆ ನೋಡದೆ, "ಬೇಡ ಸರ್, ನಂಗೆ ಅಂಗಡಿ ಇದೆ" ಎಂದಳು. ಎಂದಳಂತೆ ಅನ್ನಬೇಕಾಗಿಲ್ಲ, ನಾನು ಅಲ್ಲೇ ಇದ್ದೆ.

"ಒಬ್ಬಳಿಂದ ನೂರು ಒಡೆಯುತ್ತಲ್ರೀ" ಎಂದರು ನಿರ್ದೇಶಕರು, ಅವಳು ಹೋದ ಮೇಲೆ. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿದರು. ಆ ಪೆನ್ನನ್ನು ಆಮೇಲೆ ಎಲ್ಲರೂ ಬಳಸುತ್ತಾರೆ.

ದಾರಿ ತೋರಿಸಿದವನು ನಾನು. ಅಂಗಡಿ ಇದೆ ಎಂದರೆ ಉದ್ಯಮ ಇದೆ ಎಂದಾಯಿತು, ಸ್ವಂತ ಉದ್ಯಮಿ ಎಂದು ಹಾಕಿಕೊಳ್ಳಬಹುದು ಎಂದೆ. ಅವರ ಮುಖ ಅರಳಿತು. "ಇದಕ್ಕೇ ನೀವು ಬೇಕು" ಎಂದರು. ಅವಳಿಗೂ ಒಳ್ಳೆಯದೇ, ಸಿಗದವರ ಸಾಲಿನಲ್ಲಿ ನಿಲ್ಲುವುದು ತಪ್ಪಿತು.

ಗಂಟೆ ಬಾರಿಸಿದೆವು. ಅವಳಿರಲಿಲ್ಲ. ಇರದಿದ್ದರೂ ಚಪ್ಪಾಳೆ ಹೊಡೆಯುವುದು ನಿಯಮ.

ಏಪ್ರಿಲ್ ೧೨

ಅಕ್ಕನ ಫೋನು. ದನಿ ಮೊದಲಿನ ಹಾಗಿರಲಿಲ್ಲ.

"ಅವಳು ಇಸ್ತ್ರಿಯವನ ಹತ್ರ ಹೋಗಿದ್ಳು. ಗೊತ್ತಾ ನಿಂಗೆ?"

"ಇಲ್ಲ."

"ಬೆಡ್‌ಶೀಟು ಕೆಡಿಸಿದ್ದು ನಾನೇ ಅಂತ ಹೇಳಿದ್ಳಂತೆ. ಗೊತ್ತಿತ್ತಮ್ಮ, ನೀನು ಯಾವಾಗ ಹೇಳ್ತೀಯೋ ಅಂತ ಕಾಯ್ತಿದ್ದೆ ಅಂದನಂತೆ. ಅಂಗಡಿಗೆ ಬಾ ಅಂದ್ರೆ ಬರಲ್ಲ ಅಂದ. ಗಾಡಿ ಹತ್ರ ಗಾಳಿ ಚೆನ್ನಾಗಿದೆಯಂತೆ. ಬಂದು ಅವರಪ್ಪನಿಗೂ ಹೇಳಿದ್ಳು. ಇವರು ಎರಡು ದಿನ ಮಾತು ಬಿಟ್ರು, ಆಮೇಲೆ ತಾವೇ ಎದ್ದು ಗಾಡಿ ಹತ್ರ ಹೋಗಿ ಕೂತು ಬಂದ್ರು."

"ಸರಿ."

"ಏನು ಸರಿ? ಇವಳಿಗೆ ಆ ಕೆಲಸ ಯಾಕೆ ಸಿಗಲಿಲ್ಲ ಅಂತ ಕೇಳಿದ್ರೆ, ಮಾವನ್ನ ಕೇಳು ಅಂತಾಳೆ. ಏನಾಯ್ತೋ?"

"ಸ್ಪರ್ಧೆ ಜಾಸ್ತಿ ಇತ್ತು ಅಕ್ಕ."

ಫೋನಿನಲ್ಲಿ ಮಷೀನು ತಿರುಗಿ, ನಿಧಾನವಾಗಿ, ನಿಂತಿತು. "ಹೂಂ" ಎಂದಳು.

ಏಪ್ರಿಲ್ ೨೦

ನಿರ್ದೇಶಕರಿಗೆ ಜಾಹೀರಾತಿಗಾಗಿ ಅವಳ ಫೋಟೋ ಬೇಕಂತೆ, ಅಂಗಡಿಯ ಮುಂದೆ ಕೋಟು ಹಾಕಿಕೊಂಡು. ನನ್ನನ್ನೇ ಕಳಿಸಿದರು. ಕೊಳೆ ಅಂಗಿಗಳನ್ನೂ ಚೀಲದಲ್ಲಿ ಹಾಕಿಕೊಂಡೆ, ಬರಿಗೈಲಿ ಹೋದ ಹಾಗಾಗಬಾರದು.

ಅಂಗಡಿ ಕಿರಿದು. ಒಳಗಿನ ಹಬೆಗೆ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡುವಷ್ಟರಲ್ಲಿ ಅವಳು ಕಟ್ಟೆಯ ಹಿಂದೆ ನಿಂತಿದ್ದಳು. ಇಸ್ತ್ರಿಯನ್ನು ಈಗ ಅವಳೇ ಮಾಡುತ್ತಾಳೆ ಎಂದು ಕಾಣುತ್ತದೆ, ಮುಂಗೈ ಮೇಲೆ ಸುಟ್ಟ ಹೊಸ ಗೆರೆ.

"ಕೊಡೋಕಾ, ತಗೊಳ್ಳೋಕಾ?" ಎಂದಳು. ಗಿರಾಕಿಗಳನ್ನು ಅವರು ಹಾಗೇ ಕೇಳುವುದು.

"ಕೊಡೋಕೆ" ಎಂದೆ. ಚೀಲ ಕೊಟ್ಟೆ. ಫೋಟೋದ ವಿಷಯ ಹೇಳಿದೆ.

"ಅದೂ ಬೇಕಾ?" ಎಂದಳು. ಕೋಪದಿಂದಲ್ಲ. ಅಂಗಿಗಳನ್ನು ಒಂದೊಂದಾಗಿ ತೆಗೆದು, ಕಾಲರು ಬಿಡಿಸಿ ನೋಡಿ, ಪಕ್ಕಕ್ಕಿಡುತ್ತಿದ್ದಳು. "ಫೋಟೋ ಬೇಡ ಅಂತ ಹೇಳಿಬಿಡಿ. ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಿ ಅಂಗಡಿ ಮುಂದೆ. ನಡೆಯುತ್ತಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಹಿಂದೆ ನಿಂತ ಹೆಂಗಸೊಬ್ಬಳು ಪರದೆಗಳ ಗಂಟನ್ನು ನನ್ನ ಬೆನ್ನಿಗೆ ಒತ್ತಿದಳು. ಗಂಟಿನಿಂದ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು. ಹೊರಗೆ ಬಂದೆ. ರಸ್ತೆ ತುದಿಯಲ್ಲಿ ಗಾಡಿಯವನು ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಗಾಳಿ ಹಾಕುತ್ತಿದ್ದ. ಆಚೆ ಬದಿಯಿಂದ ನಡೆದೆ.

ಜೂನ್ ೯

ಹೊಸ ತಂಡ ಬಂದಿದೆ. ಅದೇ ಕೈಗಳು.

ಸೋಲಿನ ಪ್ರಶ್ನೆಗೆ ಉತ್ತರ ಹೇಗಿರಬೇಕು ಎಂದು ನೀವೇ ಒಮ್ಮೆ ಹೇಳಿ ತೋರಿಸಿ ಎಂದು ನಿರ್ದೇಶಕರು ಹಿಂದಿನ ಸಾಲಿನಲ್ಲಿ ಬಂದು ಕೂತರು. ಹಳೆಯವು ಯಾವುದೂ ಬಾಯಿಗೆ ಬರಲಿಲ್ಲ. ನನ್ನದೇ ಒಂದು ಹೇಳುತ್ತೇನೆ ಎಂದೆ. ನನ್ನ ಅಕ್ಕನ ಮಗಳು ನಂಬಿ ಹೇಳಿದ ಮಾತೊಂದನ್ನು ನಾನು ಯೋಚಿಸದೆ ಇನ್ನೊಬ್ಬನಿಗೆ ಕೊಟ್ಟೆ, ಅದರಿಂದ ಅವಳು ಬಯಸಿದ ಕೆಲಸ ಅವನ ಪಾಲಾಯಿತು. ಗೊತ್ತಾದ ಮಾರನೇ ದಿನವೇ ಅವಳ ಅಂಗಡಿಗೆ ಹೋದೆ. ಕ್ಷಮೆ ಕೇಳಿದೆ. ಅವಳು ನಕ್ಕು, ಬಿಡಿ ಮಾವ ಎಂದಳು. ಅಂದಿನಿಂದ ಯಾರು ಏನು ಹೇಳಿದರೂ ಅದು ಅವರದು ಎಂಬುದನ್ನು ಮರೆತಿಲ್ಲ.

ಬಹಳ ಸೊಗಸಾಗಿ ಬಂತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಮುಂದಿನ ಸಾಲಿನ ಹುಡುಗಿ ಕಣ್ಣೊರೆಸಿಕೊಂಡಳು. ಇಷ್ಟು ಬೇಗ ಒದ್ದೆಯಾಗುವ ಕಣ್ಣುಗಳನ್ನು ಕಂಡರೆ ನನಗಾಗದು.

"ಸರ್, ಇದು ನಿಜವಾಗ್ಲೂ ನಡೆದಿದ್ದಾ?" ಎಂದು ಕೇಳಿದಳು.

"ಬಹುಮಟ್ಟಿಗೆ" ಎಂದೆ.

ನಿರ್ದೇಶಕರು ಹೆಗಲ ಮೇಲೆ ಕೈ ಇಟ್ಟು, ಇದನ್ನು ಪ್ರತಿ ವರ್ಷ ಇಟ್ಟುಕೊಳ್ಳೋಣ ಎಂದರು. ಕೈ ತೆಗೆದ ಮೇಲೂ ಅದರ ಬಿಸಿ ಅಲ್ಲೇ ಇತ್ತು.

ಜೂನ್ ೧೦

ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಕಾಲರಿನ ಒಳಮಡಿಕೆಯಲ್ಲಿ ಏನೋ ಕಪ್ಪಗೆ ಕಂಡಿತು. ಕೊಳೆ ಎಂದುಕೊಂಡು ಉಗುರಿನಿಂದ ಕೆರೆದೆ. ಹೋಗಲಿಲ್ಲ. ದೀಪದ ಹತ್ತಿರ ಹಿಡಿದೆ. ನಂಬರು.

ಅಂಗಡಿಗೆ ಹೊಸಬರು ಯಾರೋ ಬಂದಿರಬೇಕು. ಗುರುತಿಲ್ಲದ ಬಟ್ಟೆ ನೋಡಿ, ತಿಳಿಯದೆ ಹಾಕಿಬಿಟ್ಟಿದ್ದಾರೆ. ಅಕ್ಕನಿಗೆ ಹೇಳಬೇಕು.

ಬೀರುವಿನಲ್ಲಿದ್ದ ಉಳಿದ ಅಂಗಿಗಳನ್ನೂ ತೆಗೆದು ನೋಡಿದೆ. ಏಪ್ರಿಲ್‌ನಿಂದ ಈಚೆಗೆ ಅಲ್ಲಿಗೆ ಹೋಗಿ ಬಂದ ಎಲ್ಲದರಲ್ಲೂ ಇದೆ. ಒಂದೇ ನಂಬರು. ಅದರಲ್ಲಿ ಒಂದು ಏಳು, ಏಳರ ನಡುವೆ ಅಡ್ಡಗೆರೆ. ಅವಳು ಶಾಲೆಗೆ ಸೇರುವ ಮೊದಲು, ನನ್ನ ತೊಡೆಯ ಮೇಲೆ ಸ್ಲೇಟಿಟ್ಟುಕೊಂಡು ಬರೆಯುವಾಗ, ಒಂದಕ್ಕೂ ಏಳಕ್ಕೂ ಗೊಂದಲವಾಗದಿರಲಿ ಎಂದು ಆ ಗೆರೆ ಎಳೆಯಲು ಕಲಿಸಿದವನು ನಾನು.

ಗೆರೆ ನೇರವಾಗಿದೆ. ಕೈ ನಡುಗಿಲ್ಲ.